ಹದಿನಾರು ಕೆರೆಯ ಚಳಿಗಾಲದ ನೆಂಟರು

ಮಾಗಿಯ ಚಳಿಯಲ್ಲಿ ಮಕ್ಕಳನ್ನು ಬೆಳಗಿನ ಜಾವ ಐದಕ್ಕೆ ಎಬ್ಬಿಸುವುದು ಸುಲಭವಲ್ಲ. ಆದರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯ ಏರಿಯ ಮೇಲೆ ಒಮ್ಮೆ ನಿಂತು ಬಂದವರು ಮರುವರ್ಷ ತಾವೇ ಎದ್ದು ಕೂರುತ್ತಾರೆ. ಮಂಜು ಕರಗಿದಂತೆ ನೀರಂಚಿನಲ್ಲಿ ಬೂದುಬಣ್ಣದ ದೊಡ್ಡ ಹಕ್ಕಿಗಳ ಹಿಂಡು ಕಾಣುತ್ತದೆ. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಇವೇ ಪಟ್ಟೆತಲೆ ಹೆಬ್ಬಾತುಗಳು.

ಮಂಗೋಲಿಯಾ, ಟಿಬೆಟ್ ಹಾಗೂ ಮಧ್ಯ ಏಷ್ಯಾದ ಎತ್ತರದ ಸರೋವರಗಳು ಇವುಗಳ ತವರು. ಅಲ್ಲಿ ನೀರು ಹೆಪ್ಪುಗಟ್ಟಿ ಮೇವು ಸಿಗದಾದಾಗ ಹಿಮಾಲಯ ದಾಟಿ ನಮ್ಮಲ್ಲಿಗೆ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡದ್ದುಂಟು.

'ಎವರೆಸ್ಟ್ ಮೇಲೆ ಹಾರುತ್ತವಂತೆ, ನಿಜವೇ ಸಾರ್?' ಎಂದು ಮಕ್ಕಳು ಕೇಳುತ್ತಾರೆ. ಉಪಗ್ರಹ ಸಾಧನ ಕಟ್ಟಿ ನಡೆಸಿದ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ ಸುಮಾರು 7,290 ಮೀಟರ್. ಎವರೆಸ್ಟ್ 8,849 ಮೀಟರ್. ಸಾಮಾನ್ಯವಾಗಿ ಇವು ಬೆಟ್ಟದ ಏರಿಳಿತವನ್ನೇ ಅನುಸರಿಸಿ, ಕಣಿವೆಗಳ ಮೂಲಕ ಸಾಗುತ್ತವೆ. ಅಲ್ಲಿನ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ಹಿಮೋಗ್ಲೋಬಿನ್ ಇವುಗಳ ರಕ್ತದಲ್ಲಿದೆ.

ಒಂದು ಜನವರಿಯಲ್ಲಿ ನಾನು ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ಹೋಗಿದ್ದೆ. ಹಾರುವ ಚಿತ್ರ ಬೇಕೆಂದು ಒಬ್ಬ ಹುಡುಗ ಮೊಬೈಲ್ ಹಿಡಿಸಿ ಜೋರಾಗಿ ಚಪ್ಪಾಳೆ ತಟ್ಟಿದ. ಇಡೀ ಹಿಂಡು ಮೇಲೆದ್ದಿತು. ಮಕ್ಕಳು ಕುಣಿದರು. ಪಕ್ಕದ ಹುರುಳಿ ಹೊಲದಲ್ಲಿದ್ದ ಹಿರಿಯರು ನನ್ನತ್ತ ಬಂದರು.

'ಹೊಲ ಮೇಯ್ತವೆ ಅಂತ ರಾತ್ರಿ ಓಡ್ಸೋನು ನಾನು, ಮೇಷ್ಟ್ರೇ. ಹಗ್ಲೊತ್ತು ನೀವೂ ಓಡ್ಸುದ್ರೆ ಅವು ಹೋಗದೆಲ್ಲಿಗೆ?'

ನನ್ನಲ್ಲಿ ಉತ್ತರವಿರಲಿಲ್ಲ. ಹಿಮೋಗ್ಲೋಬಿನ್ ಪಾಠ ಮಾಡಿದವನು ಸುಮ್ಮನೆ ನಿಲ್ಲುವ ಪಾಠವನ್ನು ಮೊದಲು ಹೇಳಿರಲಿಲ್ಲ.

ಇವು ರಾತ್ರಿ ಹೊಲಗಳಲ್ಲಿ ಮೇಯ್ದು, ಹಗಲು ನೀರಿನ ಬಳಿ ವಿಶ್ರಮಿಸುತ್ತವೆ. ಆ ಮೇವೇ ಮೈಯಲ್ಲಿ ಕೊಬ್ಬಾಗಿ ಕೂಡಿ, ಬೇಸಿಗೆ ಬರುವ ಹೊತ್ತಿನ ಮರುಪಯಣಕ್ಕೆ ಇಂಧನವಾಗಬೇಕು. ಎರಡು–ಮೂರು ಕಿಲೋ ತೂಕದ ಹಕ್ಕಿ ಬೆದರಿ ಮೇಲೆದ್ದಾಗಲೆಲ್ಲ ಆ ಗಂಟು ಕರಗುತ್ತದೆ. ಅದನ್ನು ಮತ್ತೆ ತುಂಬಲು ಅದು ಹೋಗಬೇಕಾದದ್ದು ಅದೇ ರೈತನ ಹೊಲಕ್ಕೆ. ನಮ್ಮ ಒಂದು ಚಿತ್ರದ ಬೆಲೆಯನ್ನು ಹಕ್ಕಿಯೂ ತೆರುತ್ತದೆ, ರೈತನೂ ತೆರುತ್ತಾನೆ.

ಪೋಷಕರೇ, ಮಕ್ಕಳನ್ನು ಕರೆದೊಯ್ಯಿರಿ. ಆದರೆ ಏರಿಯ ಮೇಲೇ ನಿಲ್ಲಿಸಿ. ಮಾಸಲು ಬಣ್ಣದ ಬಟ್ಟೆ, ಒಂದು ದುರ್ಬೀನು, ಒಂದು ನೋಟ್‌ಬುಕ್ ಸಾಕು. ಹಿಂಡಿನಲ್ಲಿ ಹತ್ತು ಹಕ್ಕಿ ಎಣಿಸಿ, ಅಷ್ಟಗಲದ ಗುಂಪುಗಳು ಎಷ್ಟಿವೆಯೆಂದು ನೋಡಿದರೆ ಅಂದಾಜು ಸಂಖ್ಯೆ ಸಿಗುತ್ತದೆ. ಹಕ್ಕಿಗಳು ಮೇಯುವುದನ್ನು ಬಿಟ್ಟು ಕತ್ತೆತ್ತಿದರೆ ನೀವು ತೀರಾ ಹತ್ತಿರ ಬಂದಿರೆಂದು ತಿಳಿಯಿರಿ, ಹಿಂದೆ ಸರಿಯಿರಿ. ಹೊಲಕ್ಕೆ ಕಾಲಿಡುವ ಮುನ್ನ ಯಜಮಾನರನ್ನು ಕೇಳಿ.

ಆ ಹುಡುಗ ಮರುವರ್ಷವೂ ಬಂದ. ಏರಿಯ ಮೇಲೆ ಕುಳಿತು ಹತ್ತತ್ತಾಗಿ ಎಣಿಸುತ್ತಿದ್ದ. ಮಾತನಾಡಿಸಲು ಹೋದ ನನಗೇ ಬೆರಳು ತುಟಿಗಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದ.