ಫೋಟೊ ತೆಗೆದವರು ಮತ್ತೆ ಬಂದರೇ?

ಹೊಸಪೇಟೆ ಬಿಟ್ಟು ಚಿತ್ರದುರ್ಗದ ದಾರಿ ಹಿಡಿದರೆ ಹೆದ್ದಾರಿಯಲ್ಲೇ ಮರಿಯಮ್ಮನಹಳ್ಳಿ ಸಿಗುತ್ತದೆ. ತುಂಗಭದ್ರೆಯ ಹಿನ್ನೀರಿಗೆ ಹತ್ತಿರದ ಊರು, ನಾಟಕದವರ ಊರು. ಹಂಪಿಯೂ ದೂರವಿಲ್ಲವಾದ್ದರಿಂದ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ತಿರುಗುವವರು ಈ ಸೀಮೆಯ ಮಕ್ಕಳಿಗೆ ಹೊಸಬರಲ್ಲ. ಇಂಟರ್‌ವಲ್ ಬೆಲ್ಲಿನ ಹೊತ್ತಿಗೆ ಅಂಥವರೊಬ್ಬರು ಶಾಲೆಯ ಗೇಟಿನ ಬಳಿ ನಿಂತರೆ ಸಾಕು, "ಅಣ್ಣಾ, ನಂದೊಂದು ತೆಗೀರಿ" ಎಂದು ಮುತ್ತಿಗೆ ಶುರು. ಹಿಂದೆ ನಿಂತವನು ಮುಂದಿನವನ ತಲೆಗೆ ಕೊಂಬು ಇಡುತ್ತಾನೆ. ಅವರು ಕ್ಲಿಕ್ಕಿಸಿ, ಹಿಂದಿನ ಪರದೆಯಲ್ಲಿ ತೋರಿಸಿ, ನಕ್ಕು, ಹೊರಟುಬಿಡುತ್ತಾರೆ.

ಆ ಫೋಟೊ ಆಮೇಲೆ ಎಲ್ಲಿಗೆ ಹೋಗುತ್ತದೆ? ಮಕ್ಕಳೇ, ನೀವು ಎಂದಾದರೂ ಕೇಳಿದ್ದೀರಾ?

ಅಜ್ಜ ಅಜ್ಜಿಯರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಪೇಟೆಯಿಂದ ಫೋಟೊದವರು ವರ್ಷಕ್ಕೊಮ್ಮೆ ಶಾಲೆಗೆ ಬರುತ್ತಿದ್ದರು. ಮೂರು ಕಾಲಿನ ಸ್ಟ್ಯಾಂಡು, ಕರಿಬಟ್ಟೆ, "ಯಾರೂ ಅಲುಗಾಡಬ್ಯಾಡ್ರಿ" ಎಂಬ ಗದರಿಕೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ನಿಲ್ಲಬೇಕು. ಕೆಲವು ವಾರಗಳಾದ ಮೇಲೆ ಅದೇ ಮನುಷ್ಯ ದಪ್ಪ ರಟ್ಟಿಗೆ ಅಂಟಿಸಿದ ಫೋಟೊಗಳ ಕಟ್ಟು ಹಿಡಿದು ಮತ್ತೆ ಬರುತ್ತಿದ್ದ. ಬಾಕಿ ದುಡ್ಡು ವಸೂಲಿಗಾದರೂ ಬರಲೇಬೇಕಿತ್ತೆನ್ನಿ! ದುಡ್ಡು ಕೊಡಲಾಗದ ಮನೆಯ ಹುಡುಗರು ಗೆಳೆಯನ ಫೋಟೊದಲ್ಲೇ ತಮ್ಮ ಮುಖ ಹುಡುಕಿಕೊಳ್ಳುತ್ತಿದ್ದರು. ಅದೇನೇ ಇರಲಿ, ತೆಗೆದ ಫೋಟೊ ಊರಿಗೆ ಮರಳುತ್ತಿತ್ತು.

ಮರಳದೆ ಹೋದ ಒಂದು ಫೋಟೊದ ಕಥೆ ಕೇಳಿ. 1984ರ ಡಿಸೆಂಬರ್. ಅಫ್ಘಾನಿಸ್ತಾನದ ಯುದ್ಧಕ್ಕೆ ಹೆದರಿ ಓಡಿಬಂದವರು ಪಾಕಿಸ್ತಾನದ ಪೆಶಾವರದ ಹತ್ತಿರ ನಾಸಿರ್ ಬಾಗ್ ಎಂಬಲ್ಲಿ ಗುಡಾರ ಹಾಕಿಕೊಂಡಿದ್ದರು. ಒಂದು ಗುಡಾರದಲ್ಲಿ ಹುಡುಗಿಯರ ಶಾಲೆ. ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮೆಕರಿ ಒಳಗೆ ಬಂದರು. ಹಸಿರುಗಣ್ಣಿನ ಒಬ್ಬ ಹುಡುಗಿಯ ಕೆಲವು ಚಿತ್ರ ತೆಗೆದುಕೊಂಡು ಹೊರಟರು. ಹೆಸರು ಬರೆದುಕೊಳ್ಳಲಿಲ್ಲ. ಅದುವರೆಗೆ ಯಾರೂ ಅವಳ ಫೋಟೊ ತೆಗೆದಿರಲಿಲ್ಲ.

1985ರ ಜೂನ್‌ನಲ್ಲಿ ಆ ಮುಖ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟಕ್ಕೆ ಬಂತು. ಜಗತ್ತೆಲ್ಲ ನೋಡಿತು. ನೋಡದೆ ಉಳಿದವಳು ಅವಳೊಬ್ಬಳೇ. 2002ರಲ್ಲಿ ಮೆಕರಿ ಮತ್ತೆ ಹುಡುಕಿಕೊಂಡು ಹೋದಾಗ ಅವಳು ಮಕ್ಕಳ ತಾಯಿ. ಇವಳೇ ಅವಳೆಂದು ಗುರುತು ಹಿಡಿಯಲು ಕಣ್ಣಿನ ಪಾಪೆಯ ಗೆರೆಗಳನ್ನು ಹಳೆಯ ಫೋಟೊದೊಂದಿಗೆ ಹೋಲಿಸಿ ನೋಡಬೇಕಾಯಿತು. (ಬೆರಳಚ್ಚಿನ ಹಾಗೆ ಕಣ್ಣಿನ ಗೆರೆಗಳೂ ಒಬ್ಬರಂತೆ ಇನ್ನೊಬ್ಬರಿಗಿರುವುದಿಲ್ಲ.) ತನ್ನ ಫೋಟೊ ಅವಳು ಕಂಡದ್ದು ಆಗಲೇ, ಹದಿನೇಳು ವರ್ಷದ ಮೇಲೆ. ಹೆಸರು ಶರ್ಬತ್ ಗುಲಾ. ಯಾರೋ ಅಪರಿಚಿತ ಬಂದು ಫೋಟೊ ತೆಗೆದಾಗ ಸಿಟ್ಟು ಬಂದಿತ್ತೆಂದು ನೆನಪಿಸಿಕೊಂಡರು. ನಾವು ಇಷ್ಟು ವರ್ಷ ಹೊಗಳಿದ್ದ ಆ ನೋಟದಲ್ಲಿ ಇದ್ದದ್ದು ಸಿಟ್ಟು!

ಆ ಫೋಟೊದ ನೆಪದಲ್ಲಿ ಪತ್ರಿಕೆಯವರು ಅಫ್ಘನ್ ಹೆಣ್ಣುಮಕ್ಕಳ ಓದಿಗಾಗಿ ನಿಧಿಯೊಂದನ್ನು ಕಟ್ಟಿದರು; ಅದನ್ನೂ ಹೇಳಬೇಕು. ಆದರೆ 2016ರಲ್ಲಿ ಸುಳ್ಳು ಗುರುತುಚೀಟಿಯ ಆರೋಪದ ಮೇಲೆ ಪಾಕಿಸ್ತಾನದಲ್ಲಿ ಶರ್ಬತ್ ಗುಲಾ ಬಂಧನಕ್ಕೊಳಗಾದರು. ಎಲ್ಲರೂ ಬಲ್ಲ ಮುಖವಾದ್ದರಿಂದ ಅದು ಊರೂರಿನ ಸುದ್ದಿಯಾಯಿತು. 2021ರಲ್ಲಿ ಇಟಲಿ ದೇಶ ಅವರಿಗೆ ಆಸರೆ ಕೊಟ್ಟಿತು.

ಇನ್ನೊಬ್ಬರ ಕಥೆ ಬೇರೆಯದೇ ಬಗೆ. ಅಮೆರಿಕದ ಕೆಂಟಕಿ ರಾಜ್ಯದ ಲೆಚರ್ ಕೌಂಟಿ ನಮ್ಮ ಸಂಡೂರಿನ ಹಾಗೆ ಗುಡ್ಡ, ಗಣಿಗಳ ಸೀಮೆ. ಇಲ್ಲಿ ಕಬ್ಬಿಣದ ಅದಿರು, ಅಲ್ಲಿ ಕಲ್ಲಿದ್ದಲು. ಅಲ್ಲಿನ ಬಡತನವನ್ನು ಚಿತ್ರ ತೆಗೆಯಲು ಹೊರಗಿನವರು ಬಂದು ಬಂದು ಜನ ಬೇಸತ್ತಿದ್ದರು. 1967ರಲ್ಲಿ ಹಾಗೆ ಬಂದ ಕೆನಡಾದ ಹ್ಯೂ ಓಕಾನರ್ ಎಂಬ ಚಿತ್ರ ತಯಾರಕರನ್ನು ಜಾಗದ ಮಾಲೀಕನೊಬ್ಬ ಗುಂಡಿಟ್ಟು ಕೊಂದೇಬಿಟ್ಟ. ಅದಾಗಿ ಹತ್ತು ವರ್ಷವೂ ಕಳೆದಿರಲಿಲ್ಲ, ವೆಂಡಿ ಇವಾಲ್ಡ್ ಎಂಬ ಯುವತಿ ಕ್ಯಾಮೆರಾ ಹಿಡಿದು ಅದೇ ಸೀಮೆಗೆ ಹೋದರು. ಹೋದವರು ಅಲ್ಲೇ ಮನೆ ಮಾಡಿದರು. ಊರಿನ ಶಾಲೆಗಳಲ್ಲಿ ಪಾಠ ಹೇಳಿದರು. ಕ್ಯಾಮೆರಾವನ್ನು ಮಕ್ಕಳ ಕೈಗೆ ಕೊಟ್ಟರು.

ನಮ್ಮಲ್ಲಿ ಆಗ್ಫಾ ಕ್ಲಿಕ್ ಇತ್ತಲ್ಲ, ಹನ್ನೆರಡು ಫೋಟೊದ ರೀಲಿನದು, ಅಂಥದ್ದೇ ಸುಲಭದ ಪೆಟ್ಟಿಗೆ. ಆದರೆ ಅವರು ಅದನ್ನು ಪುಕ್ಕಟೆ ಕೊಡಲಿಲ್ಲ. ಮಕ್ಕಳು ಸಣ್ಣಪುಟ್ಟ ಕೆಲಸ ಮಾಡಿ, ಸ್ವಲ್ಪವೇ ಆದರೂ ಬೆಲೆ ತೆತ್ತು ಕೊಳ್ಳಬೇಕು. ಇದು ನನಗೆ ಬಹಳ ಹಿಡಿಸಿತು. ದಾನ ಬಂದದ್ದು ಕೊಟ್ಟವರದಾಗಿಯೇ ಉಳಿಯುತ್ತದೆ, ಕೊಂಡದ್ದು ನಮ್ಮದಾಗುತ್ತದೆ.

ಫೋಟೊ ತೊಳೆಯುವುದನ್ನೂ ಮಕ್ಕಳೇ ಕಲಿತರು. ಈಗಿನವರಿಗೆ ಇದು ಗೊತ್ತಿರಲಾರದು. ಕಿಟಕಿ ಸಂದಿಯನ್ನೆಲ್ಲ ಮುಚ್ಚಿದ ಕತ್ತಲೆ ಕೋಣೆ, ಮಿಣುಕು ಕೆಂಪು ದೀಪ. ಬೆಳಕು ಬಿಟ್ಟುಕೊಂಡ ಕಾಗದವನ್ನು ತಟ್ಟೆಯ ದ್ರಾವಣದಲ್ಲಿ ಮುಳುಗಿಸಿ ಅಲುಗಿಸುತ್ತ ಇರಬೇಕು. ಮೊದಲು ಏನೂ ಇಲ್ಲ. ಆಮೇಲೆ ಒಂದು ಕಪ್ಪು ಗೆರೆ, ಅದು ಹುಬ್ಬು. ಆಮೇಲೆ ಕಣ್ಣು. ನೋಡನೋಡುತ್ತ ಅವ್ವನ ಮುಖ ನೀರಿನೊಳಗಿಂದ ಎದ್ದುಬರುತ್ತದೆ. ಅದನ್ನು ಒಮ್ಮೆ ಕಂಡ ಮಗು ಮರೆಯುವುದುಂಟೇ?

ಏನು ತೆಗೆಯಬೇಕು? ನಿನ್ನನ್ನು, ನಿನ್ನ ಮನೆಯವರನ್ನು, ನಿನ್ನ ಪ್ರಾಣಿಗಳನ್ನು, ನಿನ್ನ ಕನಸನ್ನು ಎಂದರಂತೆ ಟೀಚರು. ಕನಸಿನ ಫೋಟೊ! ಹೊರಗಿನವರಿಗೆ ಆ ಊರಿನಲ್ಲಿ ಬಡತನ ಮಾತ್ರ ಕಂಡಿತ್ತು. ಮಕ್ಕಳು ತೆಗೆದದ್ದರಲ್ಲಿ ಅಜ್ಜ ಇದ್ದ, ನಾಯಿ ಇತ್ತು, ಕನಸು ಕಟ್ಟಿ ಆಡಿದ ಆಟವಿತ್ತು. 1985ರಲ್ಲಿ ಅವು ಪುಸ್ತಕವಾದವು. ಇವಾಲ್ಡ್ ಆಮೇಲೆ ನಮ್ಮ ದೇಶಕ್ಕೂ ಬಂದು, 1989-90ರಲ್ಲಿ ಗುಜರಾತಿನ ವಿಛ್ಯಾ ಎಂಬ ಹಳ್ಳಿಯ ಮಕ್ಕಳ ಜತೆ ಇದೇ ಕೆಲಸ ಮಾಡಿದರು. 2020ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಅವರು ಕೆಂಟಕಿಯ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಮತ್ತೆ ಭೇಟಿಯಾಗುತ್ತಾರೆ. ನಡುವಯಸ್ಸು ದಾಟಿದ ಅವರು ತಾವೇ ತೆಗೆದ ಫೋಟೊಗಳ ಮಾತಾಡುವುದನ್ನು ಕೇಳಬೇಕು.

ಇಷ್ಟು ಹೇಳಿ, ಬಂದುಹೋಗುವವರೆಲ್ಲ ಕೆಟ್ಟವರೆಂದು ನೀವು ತಿಳಿಯಬಾರದು. ನಮ್ಮ ಹೊಸಪೇಟೆ–ಸಂಡೂರು ಸೀಮೆಯಲ್ಲಿ ಅದಿರಿನ ಲಾರಿಗಳು ಕೆಂಪು ದೂಳೆಬ್ಬಿಸಿ ಓಡಾಡಿದ ದಿನಗಳು ದೊಡ್ಡವರಿಗೆ ನೆನಪಿವೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚೆ, ಶಾಲೆಯಲ್ಲಿರಬೇಕಾದ ಮಕ್ಕಳು ಅದಿರು ಕುಟ್ಟುತ್ತಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಬರಲೇಬೇಕಿತ್ತು. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಲೂಯಿಸ್ ಹೈನ್ ಎಂಬ ಮೇಷ್ಟ್ರು ಮಾಡಿದ್ದೂ ಇದನ್ನೇ. 1908ರಿಂದ ಅವರು ಗಿರಣಿ, ಗಣಿಗಳಿಗೆ ಉಪಾಯದಿಂದ ನುಗ್ಗಿ ದುಡಿಯುವ ಮಕ್ಕಳ ಚಿತ್ರ ತೆಗೆದರು. ತಮ್ಮ ಕೋಟಿನ ಯಾವ ಗುಂಡಿ ನೆಲದಿಂದ ಎಷ್ಟೆತ್ತರ ಎಂದು ಮೊದಲೇ ಅಳೆದಿಟ್ಟುಕೊಂಡು, ಮಗು ಪಕ್ಕದಲ್ಲಿ ನಿಂತಾಗ ಅದರ ಎತ್ತರ ಗೊತ್ತುಮಾಡಿಕೊಳ್ಳುತ್ತಿದ್ದರಂತೆ! ಹೆಸರು, ವಯಸ್ಸು ಕೇಳಿ ಬರೆದುಕೊಳ್ಳುತ್ತಿದ್ದರು. ಅದಿರು ಕುಟ್ಟಿದ ನಮ್ಮ ಮಕ್ಕಳ ಹೆಸರುಗಳನ್ನು ಯಾರು ಬರೆದಿಟ್ಟಿದ್ದಾರೋ. ಅವರೀಗ ಇದೇ ಸೀಮೆಯಲ್ಲಿ ದೊಡ್ಡವರಾಗಿ ಓಡಾಡಿಕೊಂಡಿರಬೇಕು.

ಮುಂದಿನ ಸಲ ಕ್ಯಾಮೆರಾದವರು ನಿಮ್ಮ ಶಾಲೆಗೆ ಬಂದರೆ ನಾಚಿಕೆಪಡದೆ ಕೇಳಿ: "ನಿಮ್ಮ ಹೆಸರೇನ್ರಿ? ಫೋಟೊ ಎಲ್ಲಿ ಹಾಕ್ತೀರಿ? ನಮಗೊಂದು ಕಳಿಸ್ತೀರಾ?" ಬೇಡವೆನಿಸಿದರೆ ಬೇಡ ಅನ್ನಿ. ಶಾಲೆಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.

ಅಜ್ಜ ಅಜ್ಜಿಯರಿಗೂ ಒಂದು ಕೆಲಸವಿದೆ. ಮನೆಯ ಟ್ರಂಕಿನಲ್ಲಿ ಹಳೆಯ ಶಾಲೆ ಫೋಟೊ ಇದ್ದರೆ ಇವತ್ತೇ ತೆಗೆಯಿರಿ. ಮೊಮ್ಮಗಳ ಕೈಗೆ ಪೆನ್ಸಿಲ್ ಕೊಡಿ. ಪೆನ್ನು ಬೇಡ, ಮಸಿ ಆಚೆ ಬದಿಗೆ ಇಳಿದೀತು. ಮೇಲಿನ ಸಾಲಿನ ಎಡದಿಂದ ಶುರುಮಾಡಿ ಒಬ್ಬೊಬ್ಬರ ಹೆಸರು ಹೇಳುತ್ತ ಬನ್ನಿ, ಅವಳು ಹಿಂಬದಿಯಲ್ಲಿ ಬರೆದುಕೊಳ್ಳಲಿ. ಅಲುಗಾಡಿ ಮುಖ ಮಸುಕಾದ ಹುಡುಗನೊಬ್ಬ ಇದ್ದೇ ಇರುತ್ತಾನೆ. ಅವನ ಹೆಸರು ಮೊದಲು ಬರೆಸಿ.