ಕಂಸಾಳೆಯ ಮೇಳದಲ್ಲಿ ಜೊತೆದನಿಗಳು

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯು ಕನ್ನಡದ ಹಾಡುಗತೆಗಳ ದೊಡ್ಡ ಕಣಜವೆಂಬುದು ವಿದ್ವಾಂಸರಿಗೆ ತಿಳಿದೇ ಇದೆ. ಹನೂರಿನ ಮಲೆಗಳಲ್ಲಿ ಮಾದೇಶ್ವರನೂ, ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿಯ ಶಿಷ್ಯನಾದ ಸಿದ್ಧಪ್ಪಾಜಿಯೂ, ಯಳಂದೂರಿನ ಬೆಟ್ಟದಲ್ಲಿ ಬಿಳಿಗಿರಿರಂಗನೂ ನೆಲಸಿದ್ದಾರೆ; ಮೂವರಿಗೂ ಹಾಡುವ ಒಕ್ಕಲುಂಟು. ಕೊಳ್ಳೇಗಾಲವು 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಆದರೆ ಹಾಡುವವರು ಈ ಗಡಿಗಳನ್ನು ಎಣಿಸಿದಂತೆ ತೋರುವುದಿಲ್ಲ. ಈ ಕಾವ್ಯಗಳ ಕಥಾವಸ್ತು, ಛಂದಸ್ಸು, ಐತಿಹ್ಯಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಅವುಗಳನ್ನು ಹಾಡುವ ದನಿಗಳು ಎಷ್ಟು, ಅವು ಒಂದರೊಡನೊಂದು ಹೇಗೆ ಕೂಡಿರುತ್ತವೆ, ಆ ಕೂಟ ವರ್ಷ ವರ್ಷವೂ ಏಕೆ ಬದಲಾಗದೆ ಉಳಿಯುತ್ತದೆ ಎಂಬ ವಿಚಾರಕ್ಕೆ ಮಾತ್ರ ತಕ್ಕಷ್ಟು ಗಮನ ಸಂದಿಲ್ಲ. ಅದನ್ನು ಕಿಂಚಿತ್ ವಿವರಿಸುವುದೇ ಈ ಲೇಖನದ ಉದ್ದೇಶ.

ಕಾಣುವ ಆಕೃತಿಯೊಂದು, ಅದಕ್ಕೆ ಮಾತು ಕೊಡುವ ಕೊರಳು ಇನ್ನೊಂದು ಎಂಬ ಏರ್ಪಾಡು ನಮ್ಮ ನಾಡಿಗೆ ಹೊಸದಲ್ಲ. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಕುಳಿತ ಗಂಡ ಗಂಡುಗೊಂಬೆಗಳಿಗೂ ಹೆಂಡತಿ ಹೆಣ್ಣುಗೊಂಬೆಗಳಿಗೂ ದನಿ ಕೊಡುವುದು ವಾಡಿಕೆ. ಆ ಎರಡು ಕೊರಳುಗಳೇ ಇಂದು ರಾಮಸೀತೆಯರು, ನಾಳೆ ರಾವಣ ಮಂಡೋದರಿಯರು. ಅಮೆರಿಕದ ಚಲಿಸುವ ಬೊಂಬೆಚಿತ್ರಗಳಲ್ಲಿಯೂ ಇಂಥದೇ ನಡೆದಿದೆ. 1960ರಲ್ಲಿ ಆರಂಭವಾದ ‘ಫ್ಲಿಂಟ್‌ಸ್ಟೋನ್ಸ್’ ಎಂಬ ಚಿತ್ರಮಾಲಿಕೆಯಲ್ಲಿ ದನಿಗೂಡಿಸಿದ್ದ ಮೆಲ್ ಬ್ಲಾಂಕ್ ಮತ್ತು ಜೀನ್ ವಾಂಡರ್ ಪೈಲ್ ಎಂಬಿಬ್ಬರು 1962ರ ‘ಜೆಟ್ಸನ್ಸ್’ ಮಾಲಿಕೆಯಲ್ಲಿ ಬೇರೆ ಪಾತ್ರಗಳನ್ನು ತಾಳಿ ಮತ್ತೆ ಜೊತೆಯಾದರು. ಪಾತ್ರ ಬದಲಾದರೂ ಜೊತೆ ಬದಲಾಗಲಿಲ್ಲ. ಕೊಳ್ಳೇಗಾಲದ ಸೀಮೆಯ ಹಾಡಿಕೆಯಲ್ಲಿ ಕಾಣುವ ಗೊಂಬೆಯೇ ಇಲ್ಲ. ಆಕೃತಿಯೆಲ್ಲವೂ ಕೇಳುವವನ ಮನಸ್ಸಿನಲ್ಲಿ ಮೂಡಬೇಕು. ಆದುದರಿಂದ ದನಿಗಳ ಜೊತೆಗಾರಿಕೆಯ ಮೇಲೆ ಬೀಳುವ ಭಾರ ಇಲ್ಲಿ ಇನ್ನೂ ಹೆಚ್ಚು.

ಮಾದೇಶ್ವರನ ಕಥೆಯನ್ನು ಹಾಡುವವರು ದೇವರಗುಡ್ಡರು. ಹರಕೆಯಿಂದ ದೇವರಿಗೆ ಒಪ್ಪಿಸಲ್ಪಟ್ಟು, ಗುರುವಿನಿಂದ ದೀಕ್ಷೆಯನ್ನೂ ಕಂಸಾಳೆಯನ್ನೂ ಪಡೆದವರು. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯಾದ ತಾಳ, ಇದೇ ಕಂಸಾಳೆ. ಕುಣಿತದ ‘ಬೀಸು ಕಂಸಾಳೆ’ ಈಗ ಎಲ್ಲೆಡೆಯೂ ಪ್ರಸಿದ್ಧವಾಗಿದೆ. ನಮ್ಮ ವಿಚಾರಕ್ಕೆ ಬೇಕಾದುದು ಅದಲ್ಲ, ರಾತ್ರಿಯೆಲ್ಲ ಕುಳಿತು ಕಥೆ ಹೇಳುವ ಮೇಳ. ಇದರಲ್ಲಿ ಸಾಮಾನ್ಯವಾಗಿ ಮೂವರೋ ನಾಲ್ವರೋ ಇರುತ್ತಾರೆ. ಒಬ್ಬನು ಕಥೆಗಾರ, ಉಳಿದವರು ಹಿಮ್ಮೇಳ. ತಂಬೂರಿಯನ್ನು ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರಲ್ಲಿಯೂ ಏರ್ಪಾಡು ಹೆಚ್ಚುಕಡಮೆ ಇದೇ.

ಹಿಮ್ಮೇಳದವರ ಕೆಲಸವನ್ನು ‘ಸೊಲ್ಲು ಹಿಡಿಯುವುದು’ ಎಂದಷ್ಟೇ ಹೇಳಿ ಮುಗಿಸುವುದು ರೂಢಿ. ಇದು ಸಾಲದು. ಕಥೆಗಾರನು ಒಂದು ನುಡಿಯನ್ನು ಹೇಳಿ ನಿಲ್ಲಿಸುವಲ್ಲಿ ಇವರು ಅದರ ಕೊನೆಯನ್ನು ಎತ್ತಿಕೊಂಡು ಸೊಲ್ಲಿಗೆ ಸೇರಿಸುತ್ತಾರೆ. ಅಷ್ಟು ಹೊತ್ತಿನಲ್ಲಿ ಅವನಿಗೆ ಉಸಿರು ಸಿಕ್ಕುತ್ತದೆ; ಉಸಿರಿಗಿಂತಲೂ ಮುಖ್ಯವಾಗಿ, ಮುಂದಿನ ನುಡಿಯನ್ನು ಕಟ್ಟಲು ಬಿಡುವು ಸಿಕ್ಕುತ್ತದೆ. ಬಾಯಿಪಾಠವಾದುದನ್ನು ಒಪ್ಪಿಸುವವನಿಗೆ ಈ ಬಿಡುವು ಬೇಕಿಲ್ಲ. ಹಾಡುತ್ತ ಹಾಡುತ್ತಲೇ ಕಟ್ಟುವವನಿಗೆ ಅದಿಲ್ಲದೆ ನಡೆಯದು. ಹಾಗಾದರೆ ಆ ಬಿಡುವು ಎಷ್ಟಿರಬೇಕು? ಅದನ್ನು ಅಳೆಯುವವರು ಹಿಮ್ಮೇಳದವರೇ. ಕಥೆಗಾರನು ತಡವರಿಸಿದನೆಂದು ಕಂಡರೆ ಸೊಲ್ಲನ್ನು ಇನ್ನೊಮ್ಮೆ ಸುತ್ತಿಸಬಹುದು; ಅವನು ಆವೇಶದಲ್ಲಿದ್ದರೆ ಮೊಟಕು ಮಾಡಿ ದಾರಿ ಬಿಡಬಹುದು. ಇದನ್ನು ಅರಿಯಲು ಅವನ ಕೊರಳನ್ನು ಬಹುಕಾಲ ಕೇಳಿರಬೇಕು. ಮೇಳದ ಜೊತೆ ಸುಲಭವಾಗಿ ಮುರಿಯದಿರುವುದಕ್ಕೆ ನೆಂಟತನ, ಒಂದೇ ಊರು, ಒಂದೇ ಗುರು ಎಂಬ ಕಾರಣಗಳಿರಬಹುದು. ಇವೆಲ್ಲಕ್ಕಿಂತಲೂ ಬಲವಾದುದು ಈ ಕೇಳ್ಮೆಯ ಪರಿಚಯವೆಂದು ನನಗೆ ತೋರುತ್ತದೆ. ಗಮಕಿಯೂ ವ್ಯಾಖ್ಯಾನಕಾರನೂ ಒಬ್ಬರಿಗೊಬ್ಬರು ಹೊಂದಿಕೊಂಡ ಕಾವ್ಯವಾಚನವನ್ನು ಕೇಳಿದ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಮಕಿಯ ಮುಂದೆ ಪುಸ್ತಕವಿರುತ್ತದೆ. ಗುಡ್ಡನ ಮುಂದೆ ಅದೂ ಇಲ್ಲ.

ಪಾತ್ರಗಳ ಮಾತು ಬಂದಾಗ ಈ ಜೊತೆಗಾರಿಕೆ ಇನ್ನೊಂದು ರೂಪವನ್ನು ತಾಳುತ್ತದೆ. ಮಾದೇಶ್ವರನ ಕಾವ್ಯದ ಭಾಗಗಳಿಗೆ ‘ಸಾಲು’ ಎಂದು ಹೆಸರು: ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು ಮುಂತಾಗಿ. ಸಂಕಮ್ಮನ ಸಾಲನ್ನೇ ನೋಡಬಹುದು. ಗಂಡನಾದ ನೀಲೇಗೌಡನು ಮಲೆಗೆ ಹೊರಡುವ ಮುನ್ನ ಹೆಂಡತಿಯಿಂದ ಆಣೆಯನ್ನು ಬೇಡುತ್ತಾನೆ, ಆಕೆ ಒಪ್ಪುವುದಿಲ್ಲ, ಅವನು ಹಿಂಸೆಗೆ ತೊಡಗುತ್ತಾನೆ. ಅವನ ಗದರಿಕೆ, ಆಕೆಯ ಉತ್ತರ, ಕೊನೆಗೆ ಮಾದಪ್ಪನಿಗೆ ಮುಟ್ಟುವ ಮೊರೆ, ಇವೆಲ್ಲಕ್ಕೂ ಕಥೆಗಾರನದು ಒಂದೇ ಕೊರಳು. ವೇಷವಿಲ್ಲ, ಎದ್ದುನಿಂತು ಆಡುವ ಅಭಿನಯವಿಲ್ಲ. ಹಾಡು ನಿಂತು ಮಾತು ಬರುವೆಡೆಗಳಲ್ಲಿ ಹಿಮ್ಮೇಳದವನು ಹೂಂಗುಡುತ್ತಾನೆ, ಕೇಳುಗರ ಪರವಾಗಿ ಪ್ರಶ್ನೆ ಹಾಕುತ್ತಾನೆ, ಒಮ್ಮೊಮ್ಮೆ ಎದುರುಪಾತ್ರದ ಮಾತನ್ನು ತಾನೇ ಆಡುತ್ತಾನೆ. ಒಂದು ಕೊರಳು ಸಂಭಾಷಣೆಯಾಗುವುದು ಹೀಗೆ. ಹಿಮ್ಮೇಳವನ್ನು ತೆಗೆದುಹಾಕಿದರೆ ಉಳಿಯುವುದು ಕಥೆಯ ವರದಿ.

ಹೊರನಾಡುಗಳ ಸಂಶೋಧನೆ ಈ ವಿಷಯದಲ್ಲಿ ನಮಗೆ ಉಪಕಾರವನ್ನೂ ತುಸು ಅಪಕಾರವನ್ನೂ ಮಾಡಿದೆಯೆನ್ನಬೇಕು. ಮಿಲ್ಮನ್ ಪ್ಯಾರಿಯು 1930ರ ದಶಕದಲ್ಲಿ ಯುಗೊಸ್ಲಾವಿಯದಲ್ಲಿ ಕಂಡವರು ಗೂಸ್ಲೆ ಎಂಬ ವಾದ್ಯವನ್ನು ನುಡಿಸುತ್ತ ಒಬ್ಬೊಬ್ಬರೇ ಹಾಡುವ ಗಾಯಕರು. ಅವನ ಶಿಷ್ಯ ಆಲ್ಬರ್ಟ್ ಲಾರ್ಡನು 1960ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ‘ಗಾಯಕ’ನು ಏಕವಚನದಲ್ಲಿದ್ದಾನೆ. ತುಳುನಾಡಿನ ಸಿರಿಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗಲೂ ಎದುರಿಗಿದ್ದವರು ಗೋಪಾಲ ನಾಯ್ಕರೆಂಬ ಒಬ್ಬ ಕವಿಗಾಯಕರು. ಇವುಗಳಿಂದ ಕಲಿಯುವುದು ಬಹಳವಿದೆ. ಆದರೆ ಕಂಸಾಳೆಯ ಮೇಳವನ್ನು ಆ ಅಚ್ಚಿಗೆ ಹೊಯ್ದರೆ ಅರ್ಧ ಮೇಳ ಹೊರಗೆ ಉಳಿಯುತ್ತದೆ. ಇದಕ್ಕೆ ಹತ್ತಿರವಾದುದು, ಅದೇ ಫಿನ್ಲೆಂಡಿನ ಹಳೆಯ ಹಾಡಿಕೆಯನ್ನು ಕುರಿತು 18ನೆಯ ಶತಮಾನದಲ್ಲಿ ಪೋರ್ಥಾನ್ ಎಂಬ ಪಂಡಿತನು ಬರೆದಿಟ್ಟ ವರ್ಣನೆ: ಇಬ್ಬರಲ್ಲಿ ಒಬ್ಬನು ಸಾಲನ್ನು ಎತ್ತುವನು, ಇನ್ನೊಬ್ಬನು ಅದರ ಕೊನೆಯನ್ನು ಕೂಡಿ ಹಾಡಿ ಸಾಲನ್ನು ಮರಳಿಸುವನು.

ನಮ್ಮಲ್ಲಿ ಮುದ್ರಣವಾದ ಪಾಠಗಳ ಸ್ಥಿತಿ ಹೇಗಿದೆ? ಕೆ. ಕೇಶವನ್ ಪ್ರಸಾದರು ಸಂಪಾದಿಸಿದ ಮಾದೇಶ್ವರ ಕಾವ್ಯವನ್ನು ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು. 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಹೊರಬಂದ ಅದರ ಇಂಗ್ಲಿಷ್ ಅನುವಾದದ ಹೆಸರಿನಲ್ಲಿಯೂ ಮೇಳದ ಉಲ್ಲೇಖವಿರುವುದು ಮೆಚ್ಚತಕ್ಕ ಮಾತು. ಅಷ್ಟಾದರೂ ಪಾಠ ಹೇಳುವಾಗ ನಾವು ‘ಸಂಗಡಿಗರು’ ಎಂಬ ಮಾತನ್ನು ಸೌಜನ್ಯದ ಬಾಲವೆಂದು ಬಿಟ್ಟುಬಿಡುತ್ತೇವೆ. ಯಳಂದೂರಿನವಳೇ ಆದ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳೆಂದು ಹೇಳುವಾಗ ಕರ್ತೃವಾಗಿ ಒಂದು ಹೆಸರು ಸಾಕು. ಅದೇ ಅಭ್ಯಾಸದಿಂದ ಮಾದಪ್ಪನ ಕಥೆಗೂ ಒಬ್ಬ ಕವಿಯನ್ನು ಹುಡುಕುತ್ತೇವೆ. ಹಾಗೆ ಹುಡುಕಿ, ರಾತ್ರಿಯೆಲ್ಲ ಸೊಲ್ಲು ಹೊತ್ತವನನ್ನು ಕಾವ್ಯದಿಂದ ಹೊರಗೆ ಕೂರಿಸುತ್ತೇವೆ. ಪ್ರತಿ ನುಡಿಗೂ ಸೊಲ್ಲನ್ನು ಅಚ್ಚುಹಾಕಿದರೆ ಪುಟಗಳು ಬೆಳೆಯುತ್ತವೆ, ಓದುಗನಿಗೆ ಬೇಸರವಾಗುತ್ತದೆ ಎಂಬುದು ಸಂಪಾದಕನ ಆಕ್ಷೇಪ. ಅದೂ ಸುಳ್ಳಲ್ಲ. ಸೊಲ್ಲು ಬದಲಾದ ಎಡೆಯನ್ನೂ, ಹಿಮ್ಮೇಳದವನು ಮಾತು ಸೇರಿಸಿದ ಎಡೆಯನ್ನೂ ಅಂಚಿನಲ್ಲಿ ಗುರುತುಮಾಡಿ, ಯಾರ ದನಿಯೆಂಬುದನ್ನು ಒಂದಕ್ಷರದಿಂದ ಸೂಚಿಸಿದರೆ ಹೆಚ್ಚು ಕಾಗದವೇನೂ ಬೇಕಾಗದು.

ಇದು ಕೇವಲ ಮರ್ಯಾದೆಯ ಪ್ರಶ್ನೆಯಲ್ಲ. ಇಂದು ಹಿಮ್ಮೇಳದಲ್ಲಿ ಕುಳಿತವನೇ ಮುಂದೆ ಕಥೆಗಾರನಾಗತಕ್ಕವನು. ಅವನ ಪಾಠಶಾಲೆ ಅದೇ. ಆದಕಾರಣ ಎರಡು ಮೇಳಗಳ ಪಾಠಗಳಲ್ಲಿ ಒಂದೇ ಸಾಲು ಒಂದೇ ಬಗೆಯಾಗಿ ಬಂದಿರುವುದನ್ನು ಕಂಡು ‘ಮೂಲಪಾಠ’ವನ್ನು ಊಹಿಸಲು ಹೊರಡುವ ಮೊದಲು, ಆ ಇಬ್ಬರು ಕಥೆಗಾರರಲ್ಲಿ ಯಾರು ಯಾರ ಹಿಂದೆ, ಎಷ್ಟು ವರ್ಷ ಕುಳಿತಿದ್ದರೆಂದು ವಿಚಾರಿಸಿಕೊಳ್ಳಬೇಕು.