ಕೂಳೆ ಬೆಳೆ ಯಾರ ಮನೆಗೆ?

ಕಬ್ಬು ಬೆಳೆಯುವವರಿಗೆ ಕೂಳೆ ಬೆಳೆಯ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಮೊದಲ ಬೆಳೆಗೆ ಉಳುಮೆ, ಬಿತ್ತನೆ, ಗೊಬ್ಬರ, ಆಳಿನ ಕೂಲಿ ಎಂದು ಕೈಯ ದುಡ್ಡೆಲ್ಲ ಕರಗುತ್ತದೆ. ಕಟಾವಾದ ಮೇಲೆ ನೆಲದಲ್ಲಿ ಉಳಿದ ಕೂಳೆಯಿಂದ ಮತ್ತೆ ಚಿಗುರುವ ಕಬ್ಬಿಗೆ ಉಳುಮೆಯೂ ಬೇಡ, ಬಿತ್ತನೆಯೂ ಬೇಡ. ರೈತ ಸ್ವಲ್ಪ ಉಸಿರಾಡುವುದು ಆಗ. ಟೀವಿ ಧಾರಾವಾಹಿಯ ವ್ಯಾಪಾರವೂ ಬಹುಮಟ್ಟಿಗೆ ಹೀಗೆಯೇ ನಡೆದು ಬಂದಿದೆ. ಸೆಟ್ಟು, ನಟರು, ಕ್ಯಾಮೆರಾ, ಬರಹಗಾರರ ಸಂಭಾವನೆ ಎಲ್ಲವೂ ಮೊದಲ ಪ್ರಸಾರದ ತಲೆಯ ಮೇಲೆ ಬೀಳುತ್ತವೆ. ಅದೇ ಕಂತುಗಳು ಎರಡನೆಯ ಸಲ, ಹತ್ತನೆಯ ಸಲ, ಬೇರೆ ಊರಲ್ಲಿ, ಬೇರೆ ದೇಶದಲ್ಲಿ ಓಡಿದಾಗ ಬರುವುದು ಹೆಚ್ಚುಕಡಿಮೆ ಪೂರ್ತಿ ಲಾಭ. ಆ ಎರಡನೆಯ ಬೆಳೆ ಸೇರಬೇಕಾದ್ದು ಬೆಳೆದವರ ಮನೆಗೋ, ಸಂತೆಯ ಜಾಗದ ಮಾಲೀಕರ ಮನೆಗೋ? ಅಮೆರಿಕದ ಟೀವಿ ಈ ಪ್ರಶ್ನೆಯನ್ನು ಎಪ್ಪತ್ತು ವರ್ಷ ಜಗ್ಗಾಡಿತು. ವಯಾಕಾಮ್ ಎಂಬ ವಿತರಣಾ ಕಂಪನಿ ಆ ಜಗ್ಗಾಟದಲ್ಲೇ ಹುಟ್ಟಿ, ಬೆಳೆದು, ಕೊನೆಗೆ ತನ್ನ ತಾಯಿಯನ್ನೇ ಕೊಂಡಿತು. ಧಾರಾವಾಹಿ ತಯಾರಿಸುವವರು, ಪ್ರಸಾರ ಮಾಡುವವರು, ಮುಂದೆ ಅದನ್ನು ಊರೂರಿಗೆ ಮಾರುವವರು ಮೂವರೂ ಒಂದೇ ಆದರೆ ಕತೆ ಕಟ್ಟುವವರ ಕೈ ಬರಿದಾಗುತ್ತದೆ ಎಂಬುದಕ್ಕೆ ಈ ಕಂಪನಿಯ ಚರಿತ್ರೆಗಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಮೊದಲು ಆ ದೇಶದ ಏರ್ಪಾಡು ತಿಳಿಯಬೇಕು. ನಮ್ಮ ದೂರದರ್ಶನದ ಹಾಗೆ ಅಲ್ಲಿನ ಟೀವಿ ರಾಜಧಾನಿಯಿಂದ ಹೊರಟು ದೇಶಕ್ಕೆಲ್ಲ ಹರಿದದ್ದಲ್ಲ. ಊರೂರಲ್ಲಿ ಖಾಸಗಿ ಸ್ಟೇಷನ್ನುಗಳು ಹುಟ್ಟಿದವು. ಅವುಗಳಲ್ಲಿ ಬಹುಪಾಲು ಸಿಬಿಎಸ್, ಎನ್‌ಬಿಸಿ, ಎಬಿಸಿ ಎಂಬ ಮೂರು ನೆಟ್‌ವರ್ಕ್‌ಗಳಲ್ಲಿ ಒಂದರ ಜತೆ ಒಪ್ಪಂದ ಮಾಡಿಕೊಂಡು ರಾತ್ರಿಯ ಮುಖ್ಯ ಕಾರ್ಯಕ್ರಮಗಳನ್ನು ಪಡೆಯುತ್ತಿದ್ದವು. ಮಿಕ್ಕ ಹೊತ್ತನ್ನು ತುಂಬಿಸಿಕೊಳ್ಳುವುದು ಸ್ಟೇಷನ್ನಿನದೇ ಪಾಡು. ಆ ಖಾಲಿ ಹೊತ್ತಿಗೆ ಸರಕು ಒದಗಿಸುವವರೇ ಸಿಂಡಿಕೇಟರ್‌ಗಳು. ಗಾಂಧಿನಗರದ ವಿತರಕರು ಬೆಂಗಳೂರು, ಕೋಲಾರ, ತುಮಕೂರು ಸೇರಿದ ಬಿಕೆಟಿಗೆ ಒಂದು ರೇಟು, ಉಳಿದ ಪ್ರಾಂತ್ಯಗಳಿಗೆ ಒಂದೊಂದು ರೇಟು ಕುದುರಿಸಿ ಸಿನಿಮಾ ಕೊಡುವ ಪದ್ಧತಿ ನಮಗೆ ಗೊತ್ತು. ಸಿಂಡಿಕೇಟರ್‌ಗಳು ಧಾರಾವಾಹಿಯನ್ನು ಸ್ಟೇಷನ್ ಸ್ಟೇಷನ್ನಿಗೆ ಹಾಗೆಯೇ ಕೊಡುತ್ತಿದ್ದರು. ಕಂತುಗಳು 16 ಎಂಎಂ ರೀಲುಗಳಾಗಿ ಡಬ್ಬದಲ್ಲಿ ಬರುತ್ತಿದ್ದವು. ಸ್ಟೇಷನ್ನಿನ ಹುಡುಗರು ಡಬ್ಬ ಬಿಚ್ಚಿ, ಜಾಹೀರಾತು ಬರಬೇಕಾದ ಕಡೆ ತಮ್ಮೂರಿನ ಅಂಗಡಿಯದೋ ಕಾರು ಮಾರುವವರದೋ ತುಂಡು ಸೇರಿಸಿ, ಪ್ರೊಜೆಕ್ಟರಿಗೆ ಏರಿಸಿ ಓಡಿಸುವುದು. ಮುಗಿದ ಮೇಲೆ ರೀಲನ್ನು ಹಿಂದಕ್ಕೆ ಸುತ್ತಿ, ಮುಂದಿನ ಊರಿನ ವಿಳಾಸ ಹಚ್ಚಿ ರವಾನಿಸುವುದು. ಈ ಸುತ್ತಾಟಕ್ಕೆ ಅವರಲ್ಲಿ ಬೈಸಿಕ್ಲಿಂಗ್ ಎಂದೇ ಹೆಸರು.

ಈ ದಂಧೆಯ ಹಿರಿಯ ಸಿನ್ಸಿನಾಟಿಯ ಫ್ರೆಡರಿಕ್ ಜಿವ್. ರೇಡಿಯೋ ಕಾರ್ಯಕ್ರಮಗಳನ್ನು ಹೀಗೆ ಮಾರಿ ಪಳಗಿದ್ದ ಈತ ಟೀವಿಗೆ 'ಸಿಸ್ಕೋ ಕಿಡ್' ತಯಾರಿಸುವಾಗ ಬಣ್ಣದ ಫಿಲ್ಮಿನಲ್ಲಿ ಚಿತ್ರಿಸಿದ. ಆಗ ಬಣ್ಣದ ಟೀವಿ ಯಾರ ಮನೆಯಲ್ಲೂ ಇರಲಿಲ್ಲವೆನ್ನಬೇಕು. ಇವತ್ತಿನ ಪ್ರಸಾರಕ್ಕಿಂತ ನಾಳೆಯ ಮರುಪ್ರಸಾರವೇ ಆಸ್ತಿ ಎಂದು ಬಗೆದವನು ಮಾತ್ರ ಅಂಥ ಖರ್ಚಿಗೆ ಕೈಹಾಕುತ್ತಾನೆ. ಅದೇ ಬುದ್ಧಿಯನ್ನು ಇನ್ನೂ ದೊಡ್ಡದಾಗಿ ತೋರಿದವರು ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ದಂಪತಿ. 1951ರಲ್ಲಿ ಸಿಬಿಎಸ್‌ಗಾಗಿ 'ಐ ಲವ್ ಲೂಸಿ' ಶುರುವಾಗುವಾಗ ಕಾರ್ಯಕ್ರಮಗಳು ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು. ಬೇರೆಡೆಗೆ ಕಳಿಸಬೇಕೆಂದರೆ ಟೀವಿ ಪರದೆಯ ಮುಂದೆಯೇ ಕ್ಯಾಮೆರಾ ಇಟ್ಟು ತೆಗೆದ ಮಸುಕು ಪ್ರತಿಯೇ ಗತಿ. ದಂಪತಿ ಹಾಲಿವುಡ್ ಬಿಟ್ಟು ಬರಲು ಒಪ್ಪಲಿಲ್ಲ. ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಮೂರು ಕ್ಯಾಮೆರಾಗಳಲ್ಲಿ 35 ಎಂಎಂ ಫಿಲ್ಮಿಗೇ ಚಿತ್ರಿಸುತ್ತೇವೆ ಎಂದರು. ಹೆಚ್ಚುವರಿ ಖರ್ಚಿಗೆ ಬದಲಾಗಿ ಸಂಬಳ ಇಳಿಸಿಕೊಂಡು, ಫಿಲ್ಮಿನ ಒಡೆತನ ತಮಗಿರಲಿ ಎಂದು ಕೇಳಿ ಪಡೆದರು. ಹಳೆಯ ಕಂತನ್ನು ಮತ್ತೆ ಯಾರು ನೋಡುತ್ತಾರೆ ಎಂದು ಕಂಪನಿ ಆಗ ಬಗೆದಿರಬೇಕು. ತಪ್ಪು ತಿಳಿಯಲು ಆರು ವರ್ಷ ಸಾಕಾಯಿತು: 1957ರಲ್ಲಿ ಅದೇ ಸಿಬಿಎಸ್ ಸುಮಾರು 50 ಲಕ್ಷ ಡಾಲರ್ ತೆತ್ತು ಆ ಕಂತುಗಳನ್ನು ಕೊಂಡಿತು. ದಂಪತಿಗೆ ಆ ಕಾಲಕ್ಕೆ ಅದು ಭಾರಿ ಮೊತ್ತವೇ. ಆದರೆ ಆಮೇಲಿನ ದಶಕಗಳ ಕೂಳೆ ಬೆಳೆಯೆಲ್ಲ ಕೊಂಡವರ ಕಣಕ್ಕೆ ಬಿತ್ತು.

ನೆಟ್‌ವರ್ಕ್‌ಗಳಿಗೆ ರುಚಿ ಹತ್ತಿದ್ದು ಹೀಗೆ. ಸಿಬಿಎಸ್ 1952ರಲ್ಲೇ ಕಂತುಗಳನ್ನು ಮಾರಲು ಒಂದು ವಿಭಾಗ ತೆರೆದಿತ್ತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮೂರೂ ನೆಟ್‌ವರ್ಕ್‌ಗಳ ವರಸೆ ಒಂದೇ ಆಗಿತ್ತು: ನಿಮ್ಮ ಧಾರಾವಾಹಿಗೆ ರಾತ್ರಿಯ ಹೊತ್ತು ಬೇಕೆ, ಹಾಗಾದರೆ ಅದರ ಮುಂದಿನ ಲಾಭದಲ್ಲೂ ಮರುಪ್ರಸಾರದಲ್ಲೂ ನಮಗೆ ಪಾಲು ಕೊಡಿ. ದೇಶಕ್ಕೆಲ್ಲ ಇದ್ದದ್ದು ಮೂರೇ ಬಾಗಿಲು. ಮೂರು ಕಡೆಯೂ ಅದೇ ಸುಂಕ ಕೇಳಿದರೆ ತಯಾರಕರು ಹೋಗುವುದೆಲ್ಲಿಗೆ? 1970ರಲ್ಲಿ ಸರ್ಕಾರದ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ನಿಯಮವೊಂದನ್ನು ತಂದಿತು. ಹೊರಗಿನವರು ತಯಾರಿಸಿದ ಕಾರ್ಯಕ್ರಮದ ಮುಂದಿನ ಲಾಭದಲ್ಲಿ ನೆಟ್‌ವರ್ಕ್‌ಗಳು ಪಾಲು ಹೊಂದುವಂತಿಲ್ಲ, ದೇಶದೊಳಗೆ ಮರುಪ್ರಸಾರದ ವ್ಯಾಪಾರಕ್ಕೆ ಇಳಿಯುವಂತೆಯೇ ಇಲ್ಲ. ಫಿನ್‌-ಸಿನ್ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧವಾದ ನಿಯಮ ಇದು. ಅದೇ ವರ್ಷ ಕೇಬಲ್ ಜಾಲಗಳ ಒಡೆತನವನ್ನೂ ನೆಟ್‌ವರ್ಕ್‌ಗಳಿಗೆ ನಿಷೇಧಿಸಲಾಯಿತು.

ಸಿಬಿಎಸ್‌ಗೆ ಬೇರೆ ದಾರಿ ಉಳಿಯಲಿಲ್ಲ. ಮರುಪ್ರಸಾರದ ವಿಭಾಗವನ್ನೂ ಕೇಬಲ್ ಆಸ್ತಿಯನ್ನೂ ಒಟ್ಟುಗೂಡಿಸಿ 1971ರಲ್ಲಿ ಬೇರೆ ಮನೆ ಮಾಡಿಕೊಟ್ಟಿತು. ಮಗುವಿಗೆ ಇಟ್ಟ ಹೆಸರು ವಯಾಕಾಮ್. ಆರಂಭದಲ್ಲಿ ಅದನ್ನು ವೀಯಕಾಮ್ ಎಂದು ಕರೆಯುತ್ತಿದ್ದರು. ಅದರ ಹೊಣೆ ಹೊತ್ತವನು ರಾಲ್ಫ್ ಬರೂಕ್, ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು 1940ರಲ್ಲಿ ಅಮೆರಿಕ ಸೇರಿದ್ದ ಯಹೂದಿ. ಅವನ ಕೈಗೆ ಬಂದ ಬಂಡವಾಳವೆಂದರೆ ಮುಖ್ಯವಾಗಿ ಹಳೆಯ ಕಂತುಗಳ ಹಕ್ಕು: 'ಐ ಲವ್ ಲೂಸಿ', 'ದಿ ಆ್ಯಂಡಿ ಗ್ರಿಫಿತ್ ಶೋ', 'ದಿ ಬೆವರ್ಲಿ ಹಿಲ್‌ಬಿಲೀಸ್' ಮುಂತಾದವು. ಅಷ್ಟರಿಂದಲೇ ಕಂಪನಿ ಬೆಳೆಯಿತು. 1976ರಲ್ಲಿ ಷೋಟೈಮ್ ಎಂಬ ಚಂದಾ ವಾಹಿನಿ, ಎಂಬತ್ತರ ದಶಕದಲ್ಲಿ ಎಂಟಿವಿ, ನಿಕೆಲೋಡಿಯನ್. 1987ರಲ್ಲಿ ಸಮ್ನರ್ ರೆಡ್‌ಸ್ಟೋನ್ 340 ಕೋಟಿ ಡಾಲರಿಗೆ ಇಡೀ ವಯಾಕಾಮನ್ನು ಕೊಂಡುಕೊಂಡ. ಹಳೆಯ ಕಂತುಗಳ ಡಬ್ಬದಿಂದ ಹದಿನಾರು ವರ್ಷದಲ್ಲಿ ಇಷ್ಟು ಚಿಗುರಿತೆಂದರೆ, ಎಫ್‌ಸಿಸಿ ಕೈಹಾಕಿದ್ದು ಎಂಥ ಬೇರಿಗೆ ಎಂಬುದು ತಿಳಿಯುತ್ತದೆ.

ನಿಯಮದ ಫಲ ಕಾಣಬೇಕಾದರೆ 'ದಿ ಕಾಸ್ಬಿ ಶೋ' ಕಡೆ ನೋಡಬೇಕು. ಎಬಿಸಿಯ ನೌಕರಿ ಬಿಟ್ಟು ಹೊರಬಂದ ಮಾರ್ಸಿ ಕಾರ್ಸಿ ಮತ್ತು ಟಾಮ್ ವರ್ನರ್ ಕಟ್ಟಿದ ಪುಟ್ಟ ಕಂಪನಿ ಅದನ್ನು ತಯಾರಿಸಿತು. ಎಬಿಸಿ ಬೇಡವೆಂದಿತು, 1984ರಲ್ಲಿ ಎನ್‌ಬಿಸಿಯಲ್ಲಿ ಶುರುವಾಯಿತು. ನೆಟ್‌ವರ್ಕ್ ಕೊಡುವ ದುಡ್ಡು ಒಂದು ಕಂತಿನ ಪೂರ್ತಿ ಖರ್ಚಿಗೆ ಸಾಲದೆ ಇರುವುದು ಅಲ್ಲಿನ ವಾಡಿಕೆ. ಕೊರತೆಯನ್ನು ತಯಾರಕರೇ ಹೊತ್ತು, ನೂರು ಕಂತು ತುಂಬುವವರೆಗೆ ಕಾದು, ವಾರಕ್ಕೆ ಐದು ದಿನ ಓಡಿಸುವಷ್ಟು ಸರಕಾದ ಮೇಲೆ ಮರುಪ್ರಸಾರಕ್ಕೆ ಮಾರಿ ಗಳಿಸಬೇಕು. ಇಲ್ಲಿ ವಯಾಕಾಮ್ ಕೊರತೆಗೆ ಹಣ ಕೊಟ್ಟು, ಬದಲಿಗೆ ವಿತರಣೆಯ ಹಕ್ಕು ಪಡೆಯಿತು. 1988ರಲ್ಲಿ ಮರುಪ್ರಸಾರ ಆರಂಭವಾಗುವ ಮೊದಲು ಊರೂರಿನ ಸ್ಟೇಷನ್ನುಗಳು ಹರಾಜಿನಲ್ಲಿ ಕೂಗಿದ ಮೊತ್ತ ಒಟ್ಟು 50 ಕೋಟಿ ಡಾಲರ್ ದಾಟಿತ್ತು. ಆ ದುಡ್ಡಿನ ದೊಡ್ಡ ಪಾಲು ಎನ್‌ಬಿಸಿಗೆ ಹೋಗದೆ ಕತೆಯನ್ನು ನಂಬಿ ಸಾಲದ ಹೊರೆ ಹೊತ್ತವರಿಗೆ ಹೋಯಿತು. ಅದೇ ಬಲದಿಂದ ಕಾರ್ಸಿ, ವರ್ನರ್ ಮುಂದೆ 'ರೋಸಾನ್' ಥರದ ಧಾರಾವಾಹಿ ತಂದರು: ಕೂಲಿನಾಲಿ ಮಾಡಿ ಬದುಕುವ ಕುಟುಂಬದ ಕತೆ. ತಯಾರಕರ ಕೈಯಲ್ಲಿ ಸ್ವಂತ ಆಸ್ತಿಯಿದ್ದರೆ ಹೊಸ ಕತೆಗೂ ಧೈರ್ಯ ಬರುತ್ತದೆ.

ಇದಕ್ಕೆ ಎದುರಾಗಿ ಬಂದ ವಾದಗಳೂ ಗಟ್ಟಿಯಾಗಿಯೇ ಇವೆ. ಅವುಗಳಲ್ಲಿ ತೂಕದ್ದು ನ್ಯಾಯಾಧೀಶ ರಿಚರ್ಡ್ ಪೋಸ್ನರ್ 1992ರಲ್ಲಿ ಬರೆದ ತೀರ್ಪು. ಮುಂದಿನ ಲಾಭದಲ್ಲಿ ಪಾಲು ಮಾರುವುದು ತಯಾರಕರಿಗೆ ಅನುಕೂಲವೇ. ಆ ಅವಕಾಶ ತಪ್ಪಿಸಿದರೆ ನಷ್ಟದ ಭಾರವೆಲ್ಲ ಅವರ ಮೇಲೇ ಬೀಳುತ್ತದೆ. ಅಷ್ಟು ಭಾರ ತಾಳುವವರು ದೊಡ್ಡ ಹಾಲಿವುಡ್ ಸ್ಟುಡಿಯೋಗಳು, ಹಾಗಾಗಿ ನಿಯಮ ಕಾಪಾಡಿದ್ದು ಚಿಕ್ಕವರನ್ನಲ್ಲ ಎಂಬುದು ಅದರ ಸಾರ. ದೊಡ್ಡ ಸ್ಟುಡಿಯೋಗಳಿಗೆ ನಿಯಮದಿಂದ ಬಹಳ ಲಾಭವಾದದ್ದು ನಿಜ, ಅದನ್ನು ಒಪ್ಪಲೇಬೇಕು. ಆದರೆ ನಷ್ಟ ಹಂಚಿಕೊಳ್ಳಲು ನೆಟ್‌ವರ್ಕ್‌ಗಳೇ ಬೇಕೆಂದೇನೂ ಇಲ್ಲ; ಕಾಸ್ಬಿ ಶೋನಲ್ಲಿ ವಯಾಕಾಮ್ ಮಾಡಿದ್ದು ಅದೇ ಕೆಲಸ. ಪ್ರಸಾರದ ಹೊತ್ತನ್ನೇ ಕೈಯಲ್ಲಿ ಹಿಡಿದವರು ಪಾಲು ಕೇಳಿದಾಗ ತಯಾರಕರು ಮಾರುವುದನ್ನು ಮುಕ್ತ ವ್ಯಾಪಾರ ಎನ್ನಲಾಗದು. ಎರಡನೆಯ ಆಕ್ಷೇಪ, ನಿಯಮಗಳು ಒಳ್ಳೆಯ ಕಾರ್ಯಕ್ರಮ ತರಲಿಲ್ಲ ಎಂಬುದು. ಸ್ಥಳೀಯ ಪ್ರತಿಭೆಗೆ ಜಾಗ ಸಿಗಲೆಂದು ಮುಸ್ಸಂಜೆಯ ಒಂದು ತುಂಡನ್ನು ನೆಟ್‌ವರ್ಕ್‌ಗಳಿಂದ ಬಿಡಿಸಿದ್ದ ಇನ್ನೊಂದು ನಿಯಮದ ಫಲವಾಗಿ ಬಂದದ್ದು ಬಹುತೇಕ ಅಗ್ಗದ ಆಟದ ಕಾರ್ಯಕ್ರಮಗಳು. ಕಿಂಗ್ ವರ್ಲ್ಡ್ ಎಂಬ ಸಿಂಡಿಕೇಟರ್ 1983ರಿಂದ 'ವೀಲ್ ಆಫ್ ಫಾರ್ಚೂನ್' ಮಾರಿ ಗಳಿಸಿದ್ದು ಆ ಹೊತ್ತಿನಲ್ಲೇ. ಇದೂ ನಿಜ. ಆದರೆ ಅದೇ ಕಿಂಗ್ ವರ್ಲ್ಡ್ 1986ರಲ್ಲಿ ಷಿಕಾಗೋದ ಸ್ಥಳೀಯ ಕಾರ್ಯಕ್ರಮ ನಡೆಸುತ್ತಿದ್ದ ಓಪ್ರಾ ವಿನ್‌ಫ್ರೇಯನ್ನು ದೇಶಕ್ಕೆಲ್ಲ ತಲುಪಿಸಿತು. ಕಪ್ಪು ಹೆಣ್ಣುಮಗಳೊಬ್ಬಳು ತನ್ನ ಕಾರ್ಯಕ್ರಮದ ಒಡತಿಯಾದದ್ದು ಮೂರು ನೆಟ್‌ವರ್ಕ್‌ಗಳ ಬಾಗಿಲು ತಟ್ಟಿ ಅಲ್ಲ, ಸ್ಟೇಷನ್ ಸ್ಟೇಷನ್ನಿಗೆ ಮಾರುವ ಈ ಪದ್ಧತಿಯಿಂದ.

ಮೂರನೆಯ ವಾದ, ಕೇಬಲ್ ಬಂದ ಮೇಲೆ ಮೂರೇ ಬಾಗಿಲೆಂಬ ಮಾತು ಹಳಸಿತು ಎಂಬುದು, ಕೊನೆಗೆ ಗೆದ್ದಿತು. 1993ರಲ್ಲಿ ಫಿನ್‌-ಸಿನ್ ಬಹುಪಾಲು ಕಳಚಿತು, 1995ರಲ್ಲಿ ಪೂರ್ತಿ ಹೋಯಿತು. ಆಮೇಲೆ ನಡೆದದ್ದೇ ಆ ವಾದಕ್ಕೆ ಉತ್ತರ. 1995ರಲ್ಲೇ ಡಿಸ್ನಿ ಎಬಿಸಿಯನ್ನು ಕೊಳ್ಳುವುದಾಗಿ ಸಾರಿತು. ಅಷ್ಟರಲ್ಲಿ ಪ್ಯಾರಾಮೌಂಟ್ ಸ್ಟುಡಿಯೋವನ್ನು ನುಂಗಿದ್ದ ವಯಾಕಾಮ್ 1999ರ ಸೆಪ್ಟೆಂಬರಿನಲ್ಲಿ ಸಿಬಿಎಸ್‌ಗೇ ಕೈಹಾಕಿ, ಮರುವರ್ಷ ತನ್ನದಾಗಿಸಿಕೊಂಡಿತು; ಕಿಂಗ್ ವರ್ಲ್ಡ್ ಕೂಡ ಆ ಮೊದಲೇ ಸಿಬಿಎಸ್ ತೆಕ್ಕೆಗೆ ಬಂದಿತ್ತು. ತಾಯಿ ಮಗು ಕಾನೂನಿನಿಂದ ಬೇರೆಯಾಗಿದ್ದವರು, ಕಾನೂನು ಸರಿದ ಕೂಡಲೇ ಒಂದಾದರು. ವಾಹಿನಿಗಳು ನೂರಾದವು, ಆದರೆ ಅವುಗಳ ಹಿಂದಿನ ಒಡೆಯರು ಬೆರಳೆಣಿಕೆಗೆ ಇಳಿದರು. ಸಿಬಿಎಸ್ ಮತ್ತು ವಯಾಕಾಮ್ ನಡುವೆ ಒಮ್ಮೆ ಪಾಲು, ಮತ್ತೆ 2019ರಲ್ಲಿ ಕೂಡಿಕೆ, 2022ರಲ್ಲಿ ಪ್ಯಾರಾಮೌಂಟ್ ಎಂಬ ಹೆಸರು, 2025ರಲ್ಲಿ ಸ್ಕೈಡಾನ್ಸ್ ಕೈಗೆ. ಆ ವಿವರಗಳು ಷೇರುಪೇಟೆಯವರಿಗೆ ಇರಲಿ.

ಒಟಿಟಿ ಬಂದ ಮೇಲೆ ಕೂಳೆ ಬೆಳೆಯೇ ಕಣ್ಣಿಗೆ ಬೀಳದಂತಾಯಿತು. ಒಂದೇ ಕಂಪನಿ ತಯಾರಿಸಿ, ತನ್ನ ಆ್ಯಪ್‌ನಲ್ಲೇ ಇಟ್ಟರೆ ಮರುಮಾರಾಟ ಎಂಬುದೇ ಇಲ್ಲ. ಯಾರು ಎಷ್ಟು ನೋಡಿದರೆಂಬ ಲೆಕ್ಕವೂ ಆ ಕಂಪನಿಯ ಕೈಯಲ್ಲೇ. 2023ರಲ್ಲಿ ಹಾಲಿವುಡ್ಡಿನ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಹೂಡಿದಾಗ ಮುಂದಿಟ್ಟ ಮುಖ್ಯ ಬೇಡಿಕೆಗಳಲ್ಲಿ ಮರುಪ್ರದರ್ಶನದ ಪಾಲೂ ಒಂದು. ಹಿಂದೆ ಧಾರಾವಾಹಿ ಊರೂರಿಗೆ ಮಾರಾಟವಾದಾಗಲೆಲ್ಲ ಅವರ ಮನೆಗೆ ಚೆಕ್ ಬರುತ್ತಿತ್ತು.

ಈ ಕತೆ ಕನ್ನಡದ ಮನೆಗಳಿಗೂ ಬಂದಿದೆ. 2007ರಲ್ಲಿ ವಯಾಕಾಮ್ ಭಾರತದ ನೆಟ್‌ವರ್ಕ್18 ಜತೆ ಕೂಡಿ ವಯಾಕಾಮ್18 ಕಟ್ಟಿತು. 2015ರಲ್ಲಿ ಈಟಿವಿ ಕನ್ನಡ ವಾಹಿನಿ ಕಲರ್ಸ್ ಕನ್ನಡವಾದದ್ದು ಅದೇ ಬಳಗದ ಹೆಸರಿನಲ್ಲಿ. ಹಿಂದಿಯ 'ಬಾಲಿಕಾ ವಧು' ಕನ್ನಡದಲ್ಲಿ 'ಪುಟ್ಟಗೌರಿ ಮದುವೆ'ಯಾಗಿ ವರ್ಷಗಟ್ಟಲೆ ಓಡಿತು. ಒಂದು ಕತೆ ಇನ್ನೊಂದು ಭಾಷೆಯಲ್ಲಿ ಚಿಗುರುವುದೂ ಕೂಳೆ ಬೆಳೆಯೇ. ನಮ್ಮಲ್ಲಿ ವಾಹಿನಿಗಳು ಹಣ ಕೊಟ್ಟು ಮಾಡಿಸುವ ಧಾರಾವಾಹಿಯ ಹಕ್ಕು ಸಾಮಾನ್ಯವಾಗಿ ವಾಹಿನಿಗಳಲ್ಲೇ ಉಳಿಯುತ್ತದೆ. ದುಡ್ಡು ಹಾಕಿದವರದೇ ಮಾಲು, ತಯಾರಕರು ನಷ್ಟಕ್ಕೆ ಹೆಗಲು ಕೊಟ್ಟಿದ್ದಾರೆಯೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದು. ಪೂರ್ತಿ ಹಣ ಕೊಟ್ಟವರಿಗೆ ದೊಡ್ಡ ಪಾಲು ಸಲ್ಲಲಿ. ಆದರೆ ಕತೆ, ಸಂಭಾಷಣೆ ಬರೆದವರ ಬುದ್ಧಿಯನ್ನು ಒಂದೇ ಕಂತಿನ ಕೂಲಿಗೆ ಶಾಶ್ವತವಾಗಿ ಕೊಂಡಂತಾಗಬಾರದು. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆ, ಚಿತ್ರದಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳಿಗೆ ಚಿತ್ರಮಂದಿರದ ಆಚೆಗಿನ ಬಳಕೆಯಿಂದ ಬರುವ ಗೌರವಧನದ ಹಕ್ಕನ್ನು ಬಿಟ್ಟುಕೊಡಲಾಗದ ಹಕ್ಕೆಂದು ಹೇಳಿದೆ. ಕನ್ನಡದಲ್ಲಿ ಧಾರಾವಾಹಿ ಬರೆಯುವವರು ಕರಾರಿಗೆ ಸಹಿ ಹಾಕುವ ಮುನ್ನ ಮರುಪ್ರಸಾರ, ಡಬ್ಬಿಂಗ್, ರೀಮೇಕ್, ಒಟಿಟಿ ಎಂಬ ಮಾತುಗಳಿರುವ ಸಾಲುಗಳನ್ನು ಎರಡು ಸಲ ಓದಬೇಕು, ಅರ್ಥವಾಗದಿದ್ದರೆ ವಕೀಲರಿಗೆ ತೋರಿಸಬೇಕು. ಆ ಸಾಲುಗಳು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತವೆ.